ಗೊಟ್ಟ ಹಿಡಿದ ಕೈ

ನಮ್ಮ ಹಳೆಯ ಮನೆಯ ಕೊಟ್ಟಿಗೆಯ ಅಟ್ಟದಲ್ಲಿ, ಸವೆದ ನೊಗ, ಮುರಿದ ಮೇಣಿ, ಹುರಿ ಬಿಚ್ಚಿದ ಹಗ್ಗಗಳ ನಡುವೆ, ಒಂದು ಬಿದಿರಿನ ಗೊಟ್ಟವು ಬಹುಕಾಲ ಬಿದ್ದಿದ್ದಿತು. ಮೊಳದುದ್ದವೂ ಇಲ್ಲದ ಆ ಕೊಳವೆಯ ಒಂದು ತುದಿಯನ್ನು ಗಿಣ್ಣು ಮುಚ್ಚಿತ್ತು. ಇನ್ನೊಂದು ತುದಿಯನ್ನು ಓರೆಯಾಗಿ ಕೊಯ್ದು, ದನದ ಒಸಡಿಗೆ ತಗುಲಿದರೂ ಗೀರದಂತೆ ಅಂಚನ್ನು ಕಲ್ಲಿಗೆ ಉಜ್ಜಿ ಉಜ್ಜಿ ನುಣುಪು ಮಾಡಿದ್ದರು. ಯಾರು ಉಜ್ಜಿದರೋ ತಿಳಿಯದು. ನನ್ನ ಅಜ್ಜನ ಕಾಲಕ್ಕೇ ಅದು ಹಳೆಯದಾಗಿತ್ತು. ಕಾಯಿಲೆ ಬಿದ್ದ ಎತ್ತಿಗೆ ಕಷಾಯ ಹಾಕಬೇಕಾದಾಗ ಒಬ್ಬನು ಅದರ ಮೂಗಿನ ಹೊಳ್ಳೆಗಳನ್ನು ಹೆಬ್ಬೆರಳು ತೋರುಬೆರಳುಗಳಿಂದ ಹಿಡಿದು ತಲೆಯನ್ನು ಎತ್ತಿ ನಿಲ್ಲಿಸುವನು; ಇನ್ನೊಬ್ಬನು ಗೊಟ್ಟವನ್ನು ಬಾಯಿಯ ಪಕ್ಕದಿಂದ, ಹಲ್ಲಿಲ್ಲದ ಸಂದಿನಲ್ಲಿ ತೂರಿಸಿ, ಗುಟುಕು ಗುಟುಕಾಗಿ ಇಳಿಸುವನು. ಎತ್ತು ಕೆಮ್ಮಿತೆಂದರೆ ಮರುಕ್ಷಣವೇ ತಲೆ ಬಿಡಬೇಕು; ಬಿಡದಿದ್ದರೆ ಔಷಧವು ಶ್ವಾಸಕೋಶಕ್ಕಿಳಿದು, ರೋಗದಿಂದ ಸಾಯದ ಪ್ರಾಣಿಯು ಚಿಕಿತ್ಸೆಯಿಂದ ಸಾಯುವುದು. ಆದುದರಿಂದ ಗೊಟ್ಟ ಹಾಕುವ ಕೆಲಸವನ್ನು ಮನೆಯಲ್ಲಿ ಎಲ್ಲರಿಗೂ ಒಪ್ಪಿಸುತ್ತಿರಲಿಲ್ಲ. ಆತುರಗಾರನಿಗಂತೂ ಇಲ್ಲವೇ ಇಲ್ಲ.

ಪಶುಚಿಕಿತ್ಸೆಯ ಇತಿಹಾಸವನ್ನು ಬರೆಯಹೊರಟವರು ಸಾಮಾನ್ಯವಾಗಿ ಔಷಧಗಳ ಪಟ್ಟಿಯಿಂದಲೋ ಇಲಾಖೆಗಳ ಸ್ಥಾಪನೆಯಿಂದಲೋ ಆರಂಭಿಸುತ್ತಾರೆ. ನನಗಾದರೋ, ಅರಸೀಕೆರೆ, ಹಳೇಬೀಡು, ಬೇಲೂರುಗಳ ಸೀಮೆಯಲ್ಲಿ ಈ ವಿದ್ಯೆ ನಡೆದು ಬಂದ ದಾರಿಯನ್ನು ನೆನೆದಾಗಲೆಲ್ಲ ಕಣ್ಣಿಗೆ ಕಟ್ಟುವುದು ಹೊಳ್ಳೆ ಹಿಡಿದ ಆ ಕೈ. ಮನುಷ್ಯರ ವೈದ್ಯಕ್ಕೆ ಇಬ್ಬರಿದ್ದರೆ ಸಾಕು. ಪಶುವೈದ್ಯಕ್ಕೆ ಯಾವಾಗಲೂ ಮೂವರು ಬೇಕು. ರೋಗಿಯೊಂದು, ವೈದ್ಯನೊಬ್ಬ, ಬಾಯಿಲ್ಲದ ರೋಗಿಯ ಪರವಾಗಿ ಮಾತನಾಡುತ್ತ ಅದನ್ನು ಹಿಡಿದು ನಿಲ್ಲುವ ಒಡೆಯನೊಬ್ಬ. ಈ ಮೂರನೆಯವನನ್ನು ವೈದ್ಯನು ಹೇಗೆ ಕಂಡನೆಂಬುದರ ಮೇಲೆಯೇ ಆಯಾ ಕಾಲದ ಚಿಕಿತ್ಸೆಯ ಗುಣವು ನಿಂತಿತ್ತೆಂದು ನನಗೆ ತೋರುತ್ತದೆ.

ಸೀಮೆಯ ನೆಲವೇ ಒಂದು ಬಗೆಯದಲ್ಲ. ಅರಸೀಕೆರೆಯ ಸುತ್ತ ಮಳೆ ಕಡಮೆಯಾದ ಮೈದಾನ. ತೆಂಗು, ರಾಗಿ, ಕುರಿಮಂದೆ, ಹಳ್ಳಿಕಾರ್ ಎತ್ತು. ಅಲ್ಲಿಂದ ಪಡುವಣಕ್ಕೆ ಸಾಗಿದರೆ ಹಳೇಬೀಡಿನ ದೊಡ್ಡ ಕೆರೆ. ಅದನ್ನು ಬಳಸಿ ಇನ್ನೊಂದು 16 ಕಿಲೋಮೀಟರ್ ಹೋದರೆ ಬೇಲೂರು, ಯಗಚಿ ನದಿ. ನದಿ ದಾಟಿ ಮುಂದೆ ಹೋದಂತೆ ಕಾಫಿಯ ತೋಟ, ಜಡಿಮಳೆ, ಸೊಂಟದೆತ್ತರವನ್ನು ಮೀರದ ಮಲೆನಾಡು ಗಿಡ್ಡ. ಮೈದಾನದಲ್ಲಿ ಹುಟ್ಟಿದ ಎತ್ತನ್ನು ಮಲೆನಾಡಿಗೆ ಮಾರಿದರೆ ಮೊದಲ ಮಳೆಗಾಲದಲ್ಲಿಯೇ ಗೊರಸು ಕೊಳೆತು ಕುಂಟುವುದೆಂದು ಹಿರಿಯರು ಹೇಳುತ್ತಿದ್ದರು. ಕೊಳ್ಳುವವರು ಮಾತ್ರ ಅದರ ಕೊಂಬಿನ ಚೆಲುವಿಗೆ ಮನಸೋತು ಕೊಳ್ಳುತ್ತಲೇ ಇದ್ದರು.

ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆಯಾದದ್ದು 1117ರಲ್ಲಿ. ಹಳೇಬೀಡಿನ ಹೊಯ್ಸಳೇಶ್ವರನ ಕೆಲಸ ಮೊದಲಾದದ್ದು 1121ರ ಸುಮಾರಿಗೆ. ಈ ಗುಡಿಗಳ ಶಿಲಾಬಾಲಿಕೆಯರನ್ನೂ ಸೂಕ್ಷ್ಮ ಕೆತ್ತನೆಯನ್ನೂ ವರ್ಣಿಸಿದವರು ಸಾವಿರ ಮಂದಿ. ನಾನು ಹೇಳಬೇಕಾದದ್ದು ಬೇರೆ. ಗುಡಿಯ ಇಡೀ ಭಾರವನ್ನು ಹೊತ್ತಂತೆ ತಳದ ಪಟ್ಟಿಕೆಯಲ್ಲಿ ಸಾಲುಗಟ್ಟಿರುವುವು ಆನೆಗಳು. ಮೇಲೆ ಬೇರೊಂದು ಪಟ್ಟಿಕೆಯಲ್ಲಿ ಕುದುರೆಗಳು. ಹಳೇಬೀಡಿನ ಗೋಡೆಯ ಮೇಲೆ ಗೋವರ್ಧನಗಿರಿಯನ್ನೆತ್ತಿದ ಕೃಷ್ಣನ ಆಶ್ರಯದಲ್ಲಿ ಗೋವುಗಳೂ ಗೋಪಾಲರೂ ಒತ್ತಿಕೊಂಡು ನಿಂತಿರುವರು. ಹೊರಗೆ ಎರಡು ಮಂಟಪಗಳಲ್ಲಿ ಎರಡು ಮಹಾನಂದಿಗಳು ಕೊರಳ ಗಂಟೆ ಸರಗಳೊಡನೆ ಕಾಲು ಮಡಿಸಿ ಮಲಗಿವೆ. ಆ ಮಡಿಕೆಯನ್ನು ನೋಡಿದ ಯಾವ ರೈತನಿಗಾದರೂ, ಕೆತ್ತಿದವನು ಎತ್ತನ್ನು ಕೇವಲ ಕಂಡವನಲ್ಲ, ಕಟ್ಟಿ ಸಾಕಿದವನೆಂದು ಅನ್ನಿಸದಿರದು. ಶಿವಾಲಯಗಳಲ್ಲಿ ಭಕ್ತರು ನಂದಿಯ ಕಿವಿಯಲ್ಲಿ ತಮ್ಮ ಅಹವಾಲನ್ನು ಉಸುರಿ, ಅದು ಶಿವನಿಗೆ ಮುಟ್ಟುವುದೆಂದು ನಂಬುವುದುಂಟು. ದನದ ಆಸ್ಪತ್ರೆಯಲ್ಲಿ ನಡೆಯುವುದು ಇದರ ತಿರುವುಮುರುವು. ಅಲ್ಲಿ ಪಶುವಿನ ಅಹವಾಲನ್ನು ಮನುಷ್ಯನು ಹೇಳಬೇಕಾಗುತ್ತದೆ.

ಬೇಲೂರಿನಲ್ಲಿ ಉಳಿಯ ಸದ್ದು ಕೇಳುತ್ತಿದ್ದ ಕಾಲಕ್ಕೇ, ಹೊಯ್ಸಳರಿಗೆ ಮೇಲೊಡೆಯರಾಗಿದ್ದ ಕಲ್ಯಾಣದ ಚಾಲುಕ್ಯರ ಮನೆಯಲ್ಲಿ, ಆರನೆಯ ವಿಕ್ರಮಾದಿತ್ಯನ ತಮ್ಮನಾದ ಕೀರ್ತಿವರ್ಮನು ‘ಗೋವೈದ್ಯ’ವೆಂಬ ಕನ್ನಡ ಗ್ರಂಥವನ್ನು ರಚಿಸಿದನು. ಕನ್ನಡದ ಪಶುವೈದ್ಯ ಗ್ರಂಥಗಳಲ್ಲಿ ಮೊದಲನೆಯದೆಂದು ಎಣಿಸಲ್ಪಟ್ಟಿರುವ ಅದರಲ್ಲಿ ಔಷಧವೂ ಇದೆ, ಮಂತ್ರವೂ ಇದೆ. ಮಂತ್ರವನ್ನು ಕಂಡು ನಗುವವರು ನಗಲಿ. ನನಗೆ ಸೋಜಿಗವಾಗುವುದು ಇನ್ನೊಂದು ಸಂಗತಿ. ಆನೆ ಕುದುರೆಗಳ ವೈದ್ಯವು ಅರಮನೆಯ ವಿದ್ಯೆ. ಪಾಲಕಾಪ್ಯ, ಶಾಲಿಹೋತ್ರರ ಹೆಸರಿನಲ್ಲಿ ಸಂಸ್ಕೃತದಲ್ಲಿ ಅದಕ್ಕೆ ದೊಡ್ಡ ಪರಂಪರೆಯಿದೆ. ಆನೆಯಿಲ್ಲದೆ ದಂಡಿಲ್ಲ, ಕುದುರೆಯಿಲ್ಲದೆ ಗೆಲುವಿಲ್ಲ. ಆದುದರಿಂದ ರಾಜರು ಅವುಗಳ ಕಾಯಿಲೆಯನ್ನು ರಾಜ್ಯದ ಕಾಯಿಲೆಯೆಂದೇ ಭಾವಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಅಂಥ ಮನೆಯಲ್ಲಿ ಹುಟ್ಟಿದ ರಾಜಕುಮಾರನು ಒಕ್ಕಲಿಗನ ಕೊಟ್ಟಿಗೆಯ ಹಸುವನ್ನು ಕುರಿತು, ಅದೂ ಒಕ್ಕಲಿಗನಿಗೆ ತಿಳಿಯುವ ಭಾಷೆಯಲ್ಲಿ ಬರೆದನಲ್ಲಾ! ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರನು 1129ರಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಆನೆ, ಕುದುರೆಗಳ ಜೊತೆಗೆ ಬೇಟೆನಾಯಿಗೂ ಸ್ಥಳವುಂಟು. ಆದರೆ ಅಲ್ಲಿ ನಾಯಿಯು ಅರಸನ ವಿನೋದಗಳಲ್ಲೊಂದು.

ನಾಯಿಯ ಮಾತು ಬಂದಿತಾದ್ದರಿಂದ ನಮ್ಮ ಸೀಮೆಯನ್ನು ಬಿಟ್ಟು ತುಸು ತೆಂಕಣಕ್ಕೆ, ಮದ್ದೂರು ತಾಲ್ಲೂಕಿನ ಆತಕೂರಿಗೆ ಹೋಗಿ ಬರುವುದು ಅಗತ್ಯ. ತಕ್ಕೋಲದ ಕಾಳಗದಲ್ಲಿ ಪರಾಕ್ರಮ ತೋರಿದ ಮಣಲೆರನೆಂಬ ವೀರನಿಗೆ ಒಡೆಯನು ಮೆಚ್ಚಿ, ಬೇಕಾದುದನ್ನು ಬೇಡಿಕೊಳ್ಳೆಂದಾಗ, ಅವನು ಊರನ್ನು ಬೇಡಲಿಲ್ಲ, ಹೊನ್ನನ್ನು ಬೇಡಲಿಲ್ಲ. ಕಾಳಿಯೆಂಬ ಬೇಟೆನಾಯಿಯನ್ನು ಬೇಡಿದನು. ಆ ನಾಯಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಡಲಾಗಿ, ಎರಡೂ ಹೋರಾಡಿ ಒಡನೆಯೇ ಸತ್ತವು. ಮಣಲೆರನು ಆತಕೂರಿನ ಚಲ್ಲೇಶ್ವರ ದೇಗುಲದ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿಯನ್ನು ಬಿಟ್ಟನು. ಇದು 949ರ ಮಾತು. ನಾಯಿಯೂ ಹಂದಿಯೂ ಸೆಣಸುತ್ತಿರುವ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ರಾಷ್ಟ್ರಕೂಟ, ಗಂಗ, ಚೋಳರ ಯುದ್ಧಚರಿತ್ರೆಗೆ ಅದು ಬಹಳ ಮುಖ್ಯವಾದ ಆಧಾರವೆಂದು ವಿದ್ವಾಂಸರು ಹೇಳುವುದು ಸರಿಯೇ. ಆದರೆ ಸಾಕಿದ ನಾಯಿಯನ್ನು ಮಣ್ಣು ಮಾಡಿ ಮನೆಗೆ ಹಿಂದಿರುಗಿದವನು ಆ ಕಲ್ಲಿನ ಮುಂದೆ ನಿಂತರೆ ಅವನಿಗೆ ಚೋಳರು ನೆನಪಿಗೆ ಬರಲಾರರು. ಕಲ್ಲಿನಲ್ಲಿ ನಾಯಿಯ ಹೆಸರಿದೆ ಎಂಬುದೊಂದೇ ಅವನಿಗೆ ಸಾಕು.

ಹಾಸನದ ಸೀಮೆಯಲ್ಲಿ ತುರುಗೊಳ್ ವೀರಗಲ್ಲುಗಳಿಗೆ ಬರವಿಲ್ಲ. ಕೆರೆಯ ಏರಿಯ ಮೇಲೆ, ಮಾರಿಗುಡಿಯ ಪಕ್ಕದಲ್ಲಿ, ಕೆಲವೊಮ್ಮೆ ಬಟ್ಟೆ ಒಗೆಯುವ ಹಾಸುಗಲ್ಲಾಗಿಯೂ ಅವು ದೊರೆಯುತ್ತವೆ. ಕೆಳಗಿನ ಅಂಕಣದಲ್ಲಿ ಕಾಳಗ, ನಡುವೆ ಅಪ್ಸರೆಯರು, ಮೇಲೆ ಶಿವಸನ್ನಿಧಿ. ಸತ್ತವನು ಸ್ವರ್ಗಕ್ಕೆ ಹೋದನು. ಯಾವ ತುರುಗಳಿಗಾಗಿ ಸತ್ತನೋ ಅವು ಕೆಳಗಿನ ಅಂಕಣದ ಮೂಲೆಯಲ್ಲಿ, ಬಾಲ ತಲೆ ಒಂದಾಗಿ ಒತ್ತರಿಸಿಕೊಂಡು, ಮನುಷ್ಯರ ಗದ್ದಲ ಮುಗಿಯುವುದನ್ನೇ ಕಾಯುತ್ತಿರುವಂತೆ ನಿಂತಿವೆ.

ಹೊಯ್ಸಳರು ಅಳಿದ ಮೇಲೆ ಈ ಭಾಗದ ದನಗಳಿಗೆ ಚರಿತ್ರೆಯಲ್ಲಿ ಮತ್ತೆ ಹೆಸರು ಬಂದದ್ದು ಮೈಸೂರಿನ ಒಡೆಯರಿಂದ. ಚಿಕ್ಕದೇವರಾಜ ಒಡೆಯರು (1673–1704) ಅರಮನೆಯ ಹಾಲು ಬೆಣ್ಣೆಗಳಿಗಾಗಿ ‘ಬೆಣ್ಣೆ ಚಾವಡಿ’ಯೆಂಬ ಇಲಾಖೆಯನ್ನು ಏರ್ಪಡಿಸಿ, ರಾಜ್ಯದ ನಾನಾ ಕಡೆ ಕಾವಲುಗಳನ್ನು ಬಿಡಿಸಿದರು. ಹೈದರನ ಕೈಯಲ್ಲಿ ಅದೇ ದನವು ಬೆಣ್ಣೆಯ ಲೆಕ್ಕದಿಂದ ತೋಪಿನ ಲೆಕ್ಕಕ್ಕೆ ಬಂದಿತು. ಚಿದಂಬರದ ರಕ್ಷಣೆಗಾಗಿ ಅವನ ದಂಡು ಎರಡೂವರೆ ದಿವಸಗಳಲ್ಲಿ ನೂರು ಮೈಲಿ ಸಾಗಿತೆಂದು ಇಂಗ್ಲಿಷರೇ ಬೆರಗಾಗಿ ಬರೆದಿಟ್ಟರು. ಸಾಗಿಸಿದ್ದು ಈ ಎತ್ತುಗಳು. ಟಿಪ್ಪು ಇಲಾಖೆಗೆ ‘ಅಮೃತ ಮಹಲ್’ ಎಂದು ಹೆಸರಿಟ್ಟು ಅದರ ಪಾಲನೆಗೆ ಹುಕುಂನಾಮೆಯನ್ನು ಹೊರಡಿಸಿದನು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೇಲ್ವಿಚಾರಣೆ ಸಡಿಲವಾಗಿ ತಳಿ ಕ್ಷೀಣಿಸಲು, 1813ರಲ್ಲಿ ಕ್ಯಾಪ್ಟನ್ ಹಾರ್ವೆಯೆಂಬುವನನ್ನು ನೇಮಿಸಿ ಸರಿಪಡಿಸಿದರು. 1860ರಲ್ಲಿ ಖರ್ಚು ಹೆಚ್ಚೆಂದು ಮಂದೆಗಳನ್ನೇ ಹರಾಜಿಗಿಟ್ಟರು. ತೋಪೆಳೆಯುವುದಕ್ಕೆ ತಕ್ಕ ಎತ್ತು ಸಿಕ್ಕದೆ 1866ರಲ್ಲಿ ಪುನಃ ಸ್ಥಾಪಿಸಿದರು. ಮಾರಿದ್ದನ್ನೇ ಮತ್ತೆ ಹುಡುಕಿ ಕೊಳ್ಳುವ ಈ ಬಗೆಯ ಮಿತವ್ಯಯವು ಸರ್ಕಾರಗಳಲ್ಲಿ ಅಂದಿಗೇ ನಿಂತಿತೆಂದು ಹೇಳಲಾರೆ.

ಅರಸೀಕೆರೆಯಿಂದ ಉತ್ತರಕ್ಕೆ ರೈಲು ಹಿಡಿದರೆ ಕಡೂರು, ಬೀರೂರು ದಾಟಿ ಅಜ್ಜಂಪುರ ಸಿಗುತ್ತದೆ. ಅಮೃತ ಮಹಲ್ ತಳಿಯ ಕೇಂದ್ರ ಇಂದಿಗೂ ಅಲ್ಲಿದೆ. ಬೇಸಗೆಗೊಂದು, ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು ಎಂದು ಕಾವಲುಗಳನ್ನು ವಿಂಗಡಿಸಿ, ಹುಲ್ಲು ನೀರು ನೆರಳುಗಳ ಜಾಡಿನಲ್ಲಿ ಮಂದೆಯನ್ನು ನಡೆಸುತ್ತಿದ್ದ ಆ ವ್ಯವಸ್ಥೆಯು ರೋಗ ಬಂದ ಮೇಲೆ ಮದ್ದು ಹುಡುಕುವುದಕ್ಕಿಂತ ಬಾರದಂತೆ ನಡೆಸುವುದನ್ನೇ ನೆಚ್ಚಿದ್ದಿತು. ಈ ಹಸುಗಳನ್ನು ಹೆಚ್ಚಾಗಿ ಕರೆಯುತ್ತಿರಲಿಲ್ಲ; ಕೆಚ್ಚಲ ಹಾಲೆಲ್ಲವೂ ಕರುವಿಗೇ. ಇದನ್ನು ಕರುಣೆಯೆಂದು ಕರೆಯಬಹುದೇ? ಕರುವಿಗೆ ಬಿಟ್ಟ ಹಾಲು ಮುಂದೆ ತೋಪಿನ ಗಾಡಿಗೆ ಬಿಟ್ಟ ಬಲವಾದುದರಿಂದ ಹಾಗೆ ಕರೆಯಲು ನಾನು ಅನುಮಾನಿಸುತ್ತೇನೆ. ಆದರೆ ಆಜ್ಞೆ ಹೊರಡಿಸಿದವನ ಮನಸ್ಸಿನಲ್ಲಿ ತೋಪಿದ್ದರೂ, ಕಾವಲಿನ ಮಂಜಿನಲ್ಲಿ ಈಯುತ್ತಿರುವ ಹಸುವಿಗೆ ದೂರದಲ್ಲಿ ಕಾವಲು ಕುಳಿತ ದನಗಾಹಿಯ ಮನಸ್ಸಿನಲ್ಲಿ ತೋಪು ಇದ್ದಿರಲಾರದು. ಹತ್ತಿರ ಹೋದರೆ ಇರಿಯುವ ಹಸುವದು. ಹತ್ತಿರ ಹೋಗದಿರುವುದೂ ಒಂದು ಶುಶ್ರೂಷೆಯೆಂಬುದನ್ನು ಅವನು ಬಲ್ಲನು.

ಹಳ್ಳಿಯಲ್ಲಿ ವೈದ್ಯವೆಂದರೆ ನಾಟಿ ವೈದ್ಯ. ಹೊಟ್ಟೆ ಉಬ್ಬರಿಸಿದರೆ ಎಣ್ಣೆ, ಇಂಗು, ಓಮ. ಕೆಚ್ಚಲು ಬಾವಿಗೆ ಅರಿಸಿನ ಸುಣ್ಣಗಳ ಪಟ್ಟು. ಕಾಲುಬಾಯಿ ಜ್ವರ ಬಂದರೆ ಕೆಸರಿನಲ್ಲಿ ನಿಲ್ಲಿಸುವುದು, ಬಾಯಿಹುಣ್ಣಿಗೆ ಜೇನು. ಇವುಗಳಲ್ಲಿ ಕೆಲವನ್ನು ಇಂದಿನ ವೈದ್ಯರೂ ಒಪ್ಪುವರು. ಯಾವುದೂ ನಾಟದಿದ್ದರೆ ಕಾಯಿಸಿದ ಕಬ್ಬಿಣದ ಬರೆ. ಬರೆಯ ವಾಸನೆಯನ್ನು ಬಾಲ್ಯದಲ್ಲಿ ಒಮ್ಮೆ ಕಂಡವನು ‘ಹಳೆಯದೆಲ್ಲವೂ ಹಿತ’ವೆಂದು ವಾದಿಸುವುದಕ್ಕೆ ಹಿಂಜರಿಯುತ್ತಾನೆ. ಸಂಕ್ರಾಂತಿಯ ಸಂಜೆ ದನಗಳನ್ನು ಕಿಚ್ಚು ಹಾಯಿಸುವುದರಿಂದ ಮೈಯ ಉಣ್ಣೆಗಳು ಉದುರುವುವೆಂದು ಈಚಿನವರು ವಿಜ್ಞಾನವನ್ನು ಕಟ್ಟುವುದುಂಟು. ಕ್ಷಣಮಾತ್ರದಲ್ಲಿ ಹಾರಿಹೋಗುವ ಎತ್ತಿನ ಉಣ್ಣೆ ಅಷ್ಟು ಸುಲಭವಾಗಿ ಉದುರುವ ಪ್ರಾಣಿಯಲ್ಲ. ಹಬ್ಬವನ್ನು ಹಬ್ಬವಾಗಿಯೇ ಬಿಡುವುದು ಮೇಲು.

ನಾಟಿ ವೈದ್ಯವೂ ಬರೆಯೂ ಹರಕೆಯೂ ಒಟ್ಟಿಗೆ ಸೋತದ್ದು ದೊಡ್ಡರೋಗದ ಮುಂದೆ. ಮೊದಲು ಜ್ವರ, ಕಣ್ಣಿನಲ್ಲಿ ನಿಲ್ಲದ ನೀರು, ಬಾಯೊಳಗೆ ಹೊಟ್ಟಿನಂತೆ ಬಿಳಿಯ ಹುಣ್ಣು, ಆಮೇಲೆ ರಕ್ತಭೇದಿ, ವಾರ ಹತ್ತು ದಿನಗಳಲ್ಲಿ ಸಾವು. ಒಂದು ಕೊಟ್ಟಿಗೆಗೆ ಹೊಕ್ಕರೆ ಊರು, ಊರಿಗೆ ಹೊಕ್ಕರೆ ಸೀಮೆ. ಜನರು ಮಾರಿಯನ್ನು ಹೊರಡಿಸಿ ಊರ ಗಡಿ ದಾಟಿಸಿ ಬರುತ್ತಿದ್ದರು. ಗಡಿಯಾಚೆಯ ಊರಿನವರು ಮರುವಾರ ತಮ್ಮ ಗಡಿ ದಾಟಿಸುತ್ತಿದ್ದರು. ರೋಗವು ಮಾತ್ರ ಜಾತ್ರೆಯಿಂದ ಹಿಂದಿರುಗುವ ಎತ್ತುಗಳೊಡನೆ, ಬಾಡಿಗೆ ಗಾಡಿಗಳೊಡನೆ, ತನ್ನದೇ ದಾರಿಯಲ್ಲಿ ನಡೆಯುತ್ತಿದ್ದಿತು. ಉಳಲು ಎತ್ತಿಲ್ಲದೆ ಗಂಡ ಹೆಂಡಿರೇ ನೊಗಕ್ಕೆ ಹೆಗಲು ಕೊಟ್ಟ ಕಥೆಯನ್ನು ನಮ್ಮಜ್ಜಿ ಹೇಳುವಾಗ ಎತ್ತುಗಳ ಹೆಸರನ್ನು ಹೇಳುತ್ತಿದ್ದಳು, ಮನುಷ್ಯರ ಹೆಸರನ್ನು ಹೇಳುತ್ತಿರಲಿಲ್ಲ.

ಈ ರೋಗವೇ ನಮ್ಮ ದೇಶಕ್ಕೆ ಪಶುವೈದ್ಯ ಇಲಾಖೆಯನ್ನು ತಂದಿತೆಂದರೆ ತಪ್ಪಾಗದು. 1889ರಲ್ಲಿ ಪುಣೆಯಲ್ಲಿ ಸ್ಥಾಪಿತವಾಗಿ, ಅನಂತರ ಹಿಮಾಲಯದ ಮುಕ್ತೇಶ್ವರಕ್ಕೆ ಸಾಗಿದ ಪ್ರಯೋಗಶಾಲೆಯಲ್ಲಿ ಎಡ್ವರ್ಡ್ಸ್ ಎಂಬ ವಿಜ್ಞಾನಿಯು 1920ರ ದಶಕದಲ್ಲಿ ರೋಗವಿಷವನ್ನು ಆಡಿನ ಮೈಯಲ್ಲಿ ಸಾಗಿಸಿ ಸಾಗಿಸಿ ಮೆತ್ತಗಾಗಿಸಿ ಲಸಿಕೆಯ ದಾರಿಯನ್ನು ತೆರೆದನು. ಮೈಸೂರು ಸಂಸ್ಥಾನವೂ ಬೆಂಗಳೂರಿನಲ್ಲಿ ಸೀರಮ್ ತಯಾರಿಸುವ ಸಂಸ್ಥೆಯನ್ನು ಸ್ಥಾಪಿಸಿತು. 1954ರಲ್ಲಿ ದೇಶವ್ಯಾಪಿಯಾದ ನಿರ್ಮೂಲನ ಕಾರ್ಯವು ಮೊದಲಾಯಿತು. ಸೈಕಲ್ಲಿನ ಹಿಂದೆ ಹಿಮದ ಪೆಟ್ಟಿಗೆ ಕಟ್ಟಿಕೊಂಡು ಬರುತ್ತಿದ್ದ ಇಲಾಖೆಯವರನ್ನು ಕಂಡು, ಗಬ್ಬದ ಹಸು ಕಂದು ಹಾಕೀತು, ಹಾಲು ಬತ್ತೀತು ಎಂದು ಅಂಜಿ, ಜನರು ದನಗಳನ್ನು ಹಳ್ಳದಾಚೆ ಅಟ್ಟುತ್ತಿದ್ದರಂತೆ. ಗದರಿಸಿದ ಅಧಿಕಾರಿಗೆ ಖಾಲಿ ಕೊಟ್ಟಿಗೆಗಳು ಕಾಣುತ್ತಿದ್ದವು. ಜಗುಲಿಯ ಮೇಲೆ ಕುಳಿತು, ಮಜ್ಜಿಗೆ ಕುಡಿದು, ಕಳೆದ ಸಲ ಎಷ್ಟು ಸತ್ತವು, ಹೇಗೆ ಸತ್ತವು ಎಂದು ಮೊದಲು ಕೇಳಿದವನಿಗೆ ಹಳ್ಳದಾಚೆಯಿಂದ ದನಗಳು ಹಿಂದಿರುಗಿ ಬರುತ್ತಿದ್ದವು. ಭಾರತದಲ್ಲಿ ದೊಡ್ಡರೋಗವು ಕೊನೆಯದಾಗಿ ಕಾಣಿಸಿಕೊಂಡದ್ದು 1995ರಲ್ಲಿ. 2011ರಲ್ಲಿ ಲೋಕದಿಂದಲೇ ತೊಲಗಿತೆಂದು ಘೋಷಿತವಾಯಿತು. ಸಿಡುಬಿನ ಅನಂತರ ಮನುಷ್ಯನು ಬುಡಸಹಿತ ಕಿತ್ತ ರೋಗ ಇದೊಂದೇ. ಆದರೂ ನಮ್ಮೂರಿನಲ್ಲಿ ಆ ದಿವಸ ಯಾರೂ ತೆಂಗಿನಕಾಯಿ ಒಡೆಯಲಿಲ್ಲ.

ಆಸ್ಪತ್ರೆಯೆಂಬುದು ಹೀಗೆ ಲಸಿಕೆಯ ಹಿಂದೆ ಬಂದಿತು. ಹೆಂಚಿನ ಮಾಡು, ಮುಂದೊಂದು ಹೊಂಗೆಯ ಮರ, ಅದರಡಿಯಲ್ಲಿ ದನವನ್ನು ನಿಲ್ಲಿಸಿ ಕಟ್ಟುವ ಕಂಬಗಳ ಚೌಕಟ್ಟು, ಒಳಗೆ ಅಯೋಡಿನ್ನಿನ ವಾಸನೆ. ಜನರ ಬಾಯಲ್ಲಿ ಅದು ‘ದನಿನಾಸ್ಪತ್ರೆ’. 1939ರಲ್ಲಿ ಮೈಸೂರಿನ ಅರಮನೆಯ ಹೈನುಶಾಲೆಯಲ್ಲಿ ಸಂಪತ್ ಕುಮಾರನ್ ಎಂಬವರು ಭಾರತದಲ್ಲಿಯೇ ಮೊದಲಾಗಿ ನಡೆಸಿದ ಕೃತಕ ಗರ್ಭಧಾರಣೆಯು ಮುಂದೆ ಈ ಕಂಬಗಳ ನಡುವೆ ನಿತ್ಯದ ಕೆಲಸವಾಯಿತು. 1958ರಲ್ಲಿ ಹೆಬ್ಬಾಳದಲ್ಲಿ ಪಶುವೈದ್ಯ ಕಾಲೇಜು ತೆರೆದ ಮೇಲೆ ಕನ್ನಡ ಬಲ್ಲ ವೈದ್ಯರು ತಾಲ್ಲೂಕುಗಳಿಗೆ ಬಂದರು.

ಅಂಥ ಎರಡು ಆಸ್ಪತ್ರೆಗಳ ನೆನಪು ನನಗಿದೆ, ಹೆಸರು ಬೇಡ. ಮೊದಲನೆಯದರಲ್ಲಿ, ಈದ ಹಸುವಿಗೆ ಎರಡು ದಿವಸವಾದರೂ ಮಾಸು ಬೀಳಲಿಲ್ಲವೆಂದು ಅಜ್ಜಿಯೂ ನಾನೂ ಅದನ್ನು ಎರಡು ಹರಿದಾರಿ ನಡೆಸಿಕೊಂಡು ಹೋಗಿದ್ದೆವು. ಕುರ್ಚಿಯಿಂದೇಳದೆ ಚೀಟಿ ಬರೆದುಕೊಟ್ಟ ವೈದ್ಯನ ಔಷಧ ಸರಿಯಾದುದೇ ಇದ್ದಿರಬೇಕು, ಹಸು ಬದುಕಿತು. ಅಜ್ಜಿ ಮಾತ್ರ ದಾರಿಯುದ್ದಕ್ಕೂ, “ಮೈ ಮುಟ್ಲಿಲ್ವಲ್ಲೋ ಮಗ, ಮೈ ಮುಟ್ಲೇ ಇಲ್ಲ” ಎನ್ನುತ್ತಲೇ ಬಂದಳು. ಎರಡನೆಯದರಲ್ಲಿ ಎತ್ತು ಉಳಿಯಲಿಲ್ಲ. ಚಪ್ಪೆ ರೋಗ, ತೊಡೆಯನ್ನು ಒತ್ತಿದರೆ ಒಣಗಿದ ಎಲೆಯಂತೆ ಚರಚರನೆ ಸದ್ದಾಗುತ್ತಿದ್ದಿತು. ವೈದ್ಯರು ತೊಡೆಯ ಮೇಲೆ ಕೈಯಿಟ್ಟು, ತಂದೆಯ ಕೈಯನ್ನು ಹಿಡಿದು ಅದೇ ಜಾಗದಲ್ಲಿರಿಸಿ, ಸದ್ದನ್ನು ಕೇಳಿಸಿದರು, ಸೂಜಿ ಚುಚ್ಚಿದರು, ಉಳಿಯುವ ಭರವಸೆ ಇಲ್ಲವೆಂದು ಅಲ್ಲಿಯೇ ಹೇಳಿದರು, ಮಿಕ್ಕ ದನಗಳಿಗೆ ಹಾಕಿಸಬೇಕಾದ ಲಸಿಕೆಯ ದಿವಸವನ್ನು ಗುರುತು ಮಾಡಿಕೊಟ್ಟು, ಸತ್ತರೆ ಚರ್ಮ ಸುಲಿಸದೆ ಆಳವಾಗಿ ಹೂಳಬೇಕೆಂದು ಎರಡು ಸಲ ಒತ್ತಿ ಹೇಳಿದರು. ತಂದೆಯವರು ಆ ವೈದ್ಯರಿಗೆ ಪ್ರತಿವರ್ಷವೂ ಸುಗ್ಗಿಯಲ್ಲಿ ಅವರೆಕಾಯಿ ಕಳುಹಿಸುತ್ತಿದ್ದರು. ಬದುಕಿಸಿದವರಿಗೆ ಕಳುಹಿಸಲಿಲ್ಲ; ಇದರ ತರ್ಕವು ನನಗೆ ಅರ್ಥವಾಗಲು ಬಹಳ ವರ್ಷ ಹಿಡಿಯಿತು.

ಹಸು, ಎಮ್ಮೆ, ಕುರಿಗಳಿಗೆ ತೆರೆದ ಬಾಗಿಲು ನಾಯಿಗೆ ತೆರೆದದ್ದು ಬಹಳ ತಡವಾಗಿ. ಹಳ್ಳಿಯ ನಾಯಿ ಹೊಸ್ತಿಲಾಚೆಯದು, ಉಳಿದ ಮುದ್ದೆ ತಿಂದು ಕಣ ಕಾಯುವುದು, ಕಾಯಿಲೆಯಾದರೆ ಬೇಲಿಯ ಮರೆಗೆ ಹೋಗಿ ಗರಿಕೆ ಮೆಲ್ಲುವುದು, ಬದುಕಿದರೆ ಹಿಂದಿರುಗುವುದು. ನಾಯಿಯನ್ನು ಕುರಿತು ವೈದ್ಯದ ಮಾತು ಬರುತ್ತಿದ್ದದ್ದು ಅದು ಕಚ್ಚಿದಾಗ ಮಾತ್ರ. 1907ರಲ್ಲಿ ಕೂನೂರಿನಲ್ಲಿ ಪಾಶ್ಚರ್ ಸಂಸ್ಥೆ ಸ್ಥಾಪಿತವಾದ ಮೇಲೆ, ಹುಚ್ಚುನಾಯಿ ಕಡಿದವರು ರೈಲು ಹತ್ತಿ ನೀಲಗಿರಿಗೆ ಹೋಗುತ್ತಿದ್ದರು. ಕಡಿದ ನಾಯಿಯನ್ನು ದೊಣ್ಣೆಯಿಂದ ಕೊಲ್ಲುತ್ತಿದ್ದರು. ಬೇಲೂರಿನಾಚೆಯ ತೋಟದ ಸಾಹುಕಾರರು ಸಾಕಿದ ಜಾತಿನಾಯಿಗಳು ಜೀಪಿನಲ್ಲಿ ಕುಳಿತು ದನದ ಆಸ್ಪತ್ರೆಗೆ ಬಂದಾಗ, ಹೋರಿ ಹಿಡಿದು ಸಾಲಿನಲ್ಲಿ ನಿಂತ ರೈತರು ನಕ್ಕದ್ದನ್ನು ನಾನೇ ನೋಡಿದ್ದೇನೆ. ನಕ್ಕವರಲ್ಲಿ ನಾನೂ ಒಬ್ಬ.

ಕಳೆದ ಮಾಗಿಯಲ್ಲಿ, ನಮ್ಮ ಸೀಮೆಯ ಒಂದು ಪಶು ಆಸ್ಪತ್ರೆಯ ಜಗುಲಿಯ ಮೇಲೆ ಕುಳಿತಿದ್ದೆ. ತೆಂಗಿನ ತೋಟ ಕಾಯುವ ಮುದುಕನೊಬ್ಬನು, ಗೋಣಿಚೀಲದಲ್ಲಿ ಸುತ್ತಿದ ಕಪ್ಪು ನಾಯಿಯೊಂದನ್ನು ಎದೆಗವಚಿಕೊಂಡು ಬಸ್ಸಿನಿಂದಿಳಿದು ಬಂದನು. ವೈದ್ಯೆ ಚಿಕ್ಕ ವಯಸ್ಸಿನ ಹೆಣ್ಣುಮಗಳು; ದಾಖಲೆಯ ಪುಸ್ತಕ ತೆರೆದು ಹೆಸರೇನೆಂದು ಕೇಳಿದಳು. ಮುದುಕನು ತನ್ನ ಹೆಸರನ್ನೂ ತಂದೆಯ ಹೆಸರನ್ನೂ ಊರನ್ನೂ ಹೇಳಿದನು.

“ನಿಮ್ದು ಬರ್ಕೊಂಡೆ ತಾತ. ಇವನ್ದು?”

ಅವನು ಸುತ್ತಲೂ ನೋಡಿದನು. ಸಾಲಿನಲ್ಲಿ ಹಸು ಹಿಡಿದ ನಾಲ್ವರು ನಿಂತಿದ್ದರು.

“ಕರಿಯ ಅಂತೀವಿ ಕಣವ್ವ,” ಎಂದನು, ನಾಚಿಕೊಂಡು.

ಯಾರೂ ನಗಲಿಲ್ಲ. ಅವಳು ಬರೆದುಕೊಂಡು, ನಾಯಿಯ ಮೇಲ್ದುಟಿಯನ್ನು ಬೆರಳಿನಿಂದೆತ್ತಿ ತೋರಿಸಿದಳು. ಕೆಂಪಗಿರಬೇಕಾದ ಒಸಡು ಸುಣ್ಣದ ಗೋಡೆಯಂತಿದ್ದಿತು. ಉಣ್ಣೆಜ್ವರವೆಂದಳು. ಎಷ್ಟು ದಿನದಿಂದ ಮುದ್ದೆ ಬಿಟ್ಟಿದೆ, ಮೂತ್ರದ ಬಣ್ಣವೇನು, ರಾತ್ರಿ ಎಲ್ಲಿ ಮಲಗುತ್ತದೆ ಎಂದು ಒಂದೊಂದಾಗಿ ಕೇಳಿದಳು. ಮುದುಕನ ಉತ್ತರ ಪ್ರತಿಸಲವೂ ತೋಟದ ಕಥೆಗೆ ತಿರುಗಿ, ಕಳ್ಳರ ಕಥೆಗೆ ತಿರುಗಿ, ಸತ್ತುಹೋದ ಹೆಂಡತಿಯ ಕಥೆಗೆ ತಿರುಗುತ್ತಿದ್ದರೂ ಅವಳು ತಡೆಯಲಿಲ್ಲ. ಮುಂಗಾಲಿನ ಕೂದಲನ್ನು ಅಂಗುಲದಷ್ಟು ಬೋಳಿಸಿ, ನರ ಹುಡುಕಿ, ಬಾಟಲಿಯನ್ನು ಕಿಟಕಿಯ ಸರಳಿಗೆ ನೇತುಹಾಕಿದಳು. ಇದು ಮುಗಿಯಲು ಒಂದು ಗಂಟೆಯಾಗಬಹುದು, ಉಳಿಯುವುದು ನಾಳೆಯವರೆಗೆ ತಿಳಿಯದು, ತಲೆಯ ಮೇಲೆ ಕೈಯಿಟ್ಟುಕೊಂಡಿರಿ, ಅಲುಗಾಡುವುದಿಲ್ಲ ಎಂದು ಹೇಳಿ ಹಸುಗಳ ಕಡೆಗೆ ಹೋದಳು.

ಮುದುಕನು ಜಗುಲಿಯ ಮೇಲೆ ಚಕ್ಕಳಮಕ್ಕಳ ಹಾಕಿ, ನಾಯಿಯ ಕಿವಿಯನ್ನು ಎರಡು ಬೆರಳುಗಳ ನಡುವೆ ಸವರುತ್ತ, ಹನಿಗಳನ್ನು ಎಣಿಸುವವನಂತೆ ಬಾಟಲಿಯನ್ನು ನೋಡುತ್ತ ಕುಳಿತನು. ಅವನೂರಿನ ಬಸ್ಸು ಬಂದು ರಸ್ತೆಯಲ್ಲಿ ನಿಂತಿತು. ಕಂಡಕ್ಟರನಿಗೆ ಗುರುತಿರಬೇಕು, “ಬತ್ತೀರೇನಜ್ಜ?” ಎಂದು ಕೂಗಿದನು. ಮುದುಕನು ಬಿಡುವಿದ್ದ ಕೈಯನ್ನೆತ್ತಿ, ಹೋಗು ಎಂಬಂತೆ ಬೀಸಿದನು.